ಲಂಬ ಚಲನೆಯ ಲೆಕ್ಕಗಳು

ನೆಟ್ಟಗೆ ಮೇಲಕ್ಕೆ ಎಸೆದ ಅಥವಾ ಎತ್ತರದಿಂದ ಕೈಬಿಟ್ಟ ವಸ್ತುವಿನ ವೇಗ, ಎತ್ತರ, ಕಾಲಗಳನ್ನು ಚಲನೆಯ ಮೂರು ಸಮೀಕರಣಗಳಿಂದ ಕಂಡುಹಿಡಿಯುವ ಲೆಕ್ಕಗಳು. ಪ್ರೌಢಶಾಲೆ ಮತ್ತು ಪಿಯುಸಿ ಭೌತಶಾಸ್ತ್ರದ ಆರಂಭದಲ್ಲೇ ಬರುತ್ತವೆ. ಇವುಗಳ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡಿದ ಪ್ರಶ್ನೆ ಒಂದೇ: ಬೀಳುವ ವಸ್ತುವಿನ ವೇಗ ಏರುವುದು ಬಿದ್ದ ದೂರಕ್ಕೆ ತಕ್ಕಂತೆಯೋ, ಕಳೆದ ಕಾಲಕ್ಕೆ ತಕ್ಕಂತೆಯೋ?

ಭಾರವಾದದ್ದು ಬೇಗ ಬೀಳುತ್ತದೆ ಎಂಬುದು ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲನ ಮತ. 6ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೊಪೊನಸ್ ಇದನ್ನು ಅಲ್ಲಗಳೆದ. ತೂಕದಲ್ಲಿ ಬಹಳ ಅಂತರವಿದ್ದರೂ ಬೀಳುವ ಕಾಲದಲ್ಲಿ ಅಂತರ ತೀರಾ ಕಡಿಮೆ ಎಂದು ಅವನು ಬರೆದ. ಭೂಮಿಗೆ ಆಕರ್ಷಣ ಶಕ್ತಿ ಇದೆ ಎಂದು ಭಾಸ್ಕರಾಚಾರ್ಯ 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಹೇಳಿದ್ದು ನಿಜ. ಅದನ್ನೇ ಹಿಡಿದು ಚಲನೆಯ ಸೂತ್ರಗಳೂ ಅಲ್ಲಿವೆ ಎನ್ನುವುದು ಉತ್ಸಾಹದ ಮಾತು. ಬೀಳುವ ವೇಗದ ಲೆಕ್ಕ ಅದರಲ್ಲಿಲ್ಲ.

ಗಣಿತದ ಬುನಾದಿ ಬಿದ್ದದ್ದು 14ನೆಯ ಶತಮಾನದ ಆಕ್ಸ್‌ಫರ್ಡಿನಲ್ಲಿ. ಮರ್ಟನ್ ಕಾಲೇಜಿನ ಹೇಟ್ಸ್‌ಬರಿ ಮತ್ತು ಸಂಗಡಿಗರು ಸರಾಸರಿ ವೇಗದ ನಿಯಮವನ್ನು ರೂಪಿಸಿದರು: ಒಂದೇ ಸಮನಾಗಿ ವೇಗ ಹೆಚ್ಚಿಸಿಕೊಳ್ಳುವ ವಸ್ತು ಸಾಗುವ ದೂರವೂ ಅದೇ ಅವಧಿಯಲ್ಲಿ ಅದರ ಸರಾಸರಿ ವೇಗದಿಂದ ಸಾಗುವ ವಸ್ತುವಿನ ದೂರವೂ ಸಮ. ಫ್ರಾನ್ಸಿನ ನಿಕೋಲ್ ಒರೆಮ್ ಇದನ್ನು ಚಿತ್ರ ಬರೆದು ಸಾಧಿಸಿದ. ಇಂದಿನ ಪಠ್ಯಪುಸ್ತಕದ ವೇಗ–ಕಾಲ ನಕ್ಷೆಗೆ ಅದೇ ಪೂರ್ವಜ. ಆದರೆ ಆಕ್ಸ್‌ಫರ್ಡಿನವರಿಗೆ ಇದು ತರ್ಕದ ಕಸರತ್ತಾಗಿತ್ತು. ಕಲ್ಲು ಬೀಳುವುದಕ್ಕೆ ಇದನ್ನು ಅನ್ವಯಿಸಿದವನು 16ನೆಯ ಶತಮಾನದ ಸ್ಪೇನಿನ ಡೊಮಿಂಗೊ ಡಿ ಸೋಟೊ.

ಪೀಸಾ ಗೋಪುರದಿಂದ ಗೆಲಿಲಿಯೊ ಗುಂಡು ಬೀಳಿಸಿದ ಕತೆಗೆ ಆಧಾರ ಅವನ ಶಿಷ್ಯ ವಿವಿಯಾನಿ ಬರೆದ ಜೀವನಚರಿತ್ರೆ ಮಾತ್ರ. ಹಾಲೆಂಡಿನ ಸೈಮನ್ ಸ್ಟೆವಿನ್ ಮಾಡಿದ ಪ್ರಯೋಗ ಮಾತ್ರ 1586ರಲ್ಲೇ ಅಚ್ಚಾಗಿದೆ. ಒಂದಕ್ಕಿಂತ ಇನ್ನೊಂದು ಹತ್ತು ಪಟ್ಟು ಭಾರದ ಎರಡು ಸೀಸದ ಗುಂಡುಗಳನ್ನು 30 ಅಡಿ ಎತ್ತರದಿಂದ ಹಲಗೆಯ ಮೇಲೆ ಬಿಟ್ಟಾಗ ಕೇಳಿಸಿದ್ದು ಒಂದೇ ಸದ್ದು.

ಗೆಲಿಲಿಯೊನ ನಿಜವಾದ ಸಾಧನೆ ಬೇರೆ ಕಡೆ ಇದೆ. 1604ರಲ್ಲಿ ಗೆಳೆಯ ಸಾರ್ಪಿಗೆ ಬರೆದ ಪತ್ರದಲ್ಲಿ ಅವನೂ ವೇಗವು ದೂರಕ್ಕೆ ಅನುಪಾತದಲ್ಲಿದೆ ಎಂದೇ ನಂಬಿದ್ದ. ನೇರ ಪತನ ಅಳತೆಗೆ ಸಿಗದಷ್ಟು ಚುರುಕು. ಆದ್ದರಿಂದ ಇಳಿಜಾರಿನಲ್ಲಿ ಅದನ್ನು ನಿಧಾನಗೊಳಿಸಿದ. ಸುಮಾರು ಏಳು ಮೀಟರ್ ಉದ್ದದ ತೊಲೆಯಲ್ಲಿ ತೋಡು ಕೊರೆದು, ಒಳಗೆ ನುಣುಪಾದ ಚರ್ಮಪತ್ರ ಅಂಟಿಸಿ, ಕಂಚಿನ ಗುಂಡು ಉರುಳಿಸಿದ. ಸಣ್ಣ ಕೊಳವೆಯಿಂದ ಬಟ್ಟಲಿಗೆ ಬಿದ್ದ ನೀರನ್ನು ತಕ್ಕಡಿಯಲ್ಲಿ ತೂಗಿ ಕಾಲ ಅಳೆದ. ಕಾಲು ಭಾಗ ದೂರಕ್ಕೆ ಅರ್ಧ ಕಾಲ ಸಾಕಾಯಿತು. ಸಮ ಅವಧಿಗಳಲ್ಲಿ ಕ್ರಮಿಸುವ ದೂರ 1, 3, 5, 7ರಂತೆ ಏರುತ್ತದೆ. ಒಟ್ಟು ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಎಂದರೆ ವೇಗ ಏರುವುದು ಕಾಲಕ್ಕೆ ತಕ್ಕಂತೆ, ದೂರಕ್ಕಲ್ಲ. ಇದೆಲ್ಲ 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಅವನ ಕೊನೆಯ ಗ್ರಂಥದಲ್ಲಿದೆ.

ಆ ಗ್ರಂಥದಲ್ಲಿ ಇಂದಿನ ಸಮೀಕರಣ ಒಂದೂ ಇಲ್ಲ. ಇರುವುದು ಅನುಪಾತ ಮತ್ತು ರೇಖಾಗಣಿತ. ಬೀಜಗಣಿತದ ಉಡುಗೆ ಬಂದದ್ದು ಕಲನಶಾಸ್ತ್ರ ಬೆಳೆದ ಮೇಲೆ, ಫ್ರಾನ್ಸಿನ ಗಣಿತಜ್ಞ ವರಿನ್ಯೋನ್ ಮತ್ತು 1736ರಲ್ಲಿ ‘ಮೆಕಾನಿಕಾ’ ಪ್ರಕಟಿಸಿದ ಆಯ್ಲರ್ ಅವರಿಂದ. ಶಾಲೆಯ ಮೊದಲ ಸೂತ್ರ: ಅಂತಿಮ ವೇಗ = ಆರಂಭಿಕ ವೇಗ + ವೇಗೋತ್ಕರ್ಷ × ಕಾಲ. ಎರಡನೆಯದು ಗೆಲಿಲಿಯೊನ ಕಾಲವರ್ಗದ ನಿಯಮಕ್ಕೆ ಆರಂಭಿಕ ವೇಗ ಸೇರಿಸಿದ್ದು. ಮೂರನೆಯದರಲ್ಲಿ ಕಾಲವೇ ಇರುವುದಿಲ್ಲ: ದೂರದೊಂದಿಗೆ ಸಮನಾಗಿ ಏರುವುದು ವೇಗವಲ್ಲ, ವೇಗದ ವರ್ಗ. 1604ರ ತಪ್ಪಿಗೆ ಉತ್ತರ ಇಲ್ಲಿದೆ.

ಬೀಜಗಣಿತ ತಂದ ದೊಡ್ಡ ಅನುಕೂಲ ಚಿಹ್ನೆಗಳದ್ದು. 35 ಮೀಟರ್ ಎತ್ತರದ ಕಟ್ಟಡದ ಅಂಚಿನಿಂದ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಚೆಂಡನ್ನು ಮೇಲಕ್ಕೆ ಎಸೆದರೆ ಅದು ನೆಲ ಮುಟ್ಟುವುದು ಯಾವಾಗ? ಮೇಲ್ಮುಖವನ್ನು ಧನವೆಂದು ಹಿಡಿದು ಗುರುತ್ವ ವೇಗೋತ್ಕರ್ಷವನ್ನು −10, ಸ್ಥಾನಪಲ್ಲಟವನ್ನು −35 ಎಂದರೆ ವರ್ಗ ಸಮೀಕರಣಕ್ಕೆ ಎರಡು ಉತ್ತರ: 7 ಮತ್ತು −1. ಏರಿಕೆ, ಇಳಿಕೆ ಎಂದು ಲೆಕ್ಕವನ್ನು ಎರಡು ಹೋಳು ಮಾಡಬೇಕಿಲ್ಲ. ವಿದ್ಯಾರ್ಥಿಗಳು −1ನ್ನು ಹೊಡೆದುಹಾಕುತ್ತಾರೆ, ಆದರೆ ಅದಕ್ಕೂ ಅರ್ಥವಿದೆ. ಒಂದು ಸೆಕೆಂಡು ಮೊದಲು ನೆಲದಿಂದಲೇ 40 ಮೀಟರ್ ವೇಗದಲ್ಲಿ ಚಿಮ್ಮಿದ ಚೆಂಡು ಕಟ್ಟಡದ ಅಂಚನ್ನು ಇದೇ 30ರ ವೇಗದಲ್ಲಿ ದಾಟುತ್ತಿತ್ತು. ತುತ್ತತುದಿಯಲ್ಲಿ ವೇಗ ಸೊನ್ನೆಯಾದಾಗ ವೇಗೋತ್ಕರ್ಷವೂ ಸೊನ್ನೆ ಎಂದು ಬರೆಯುವವರು ಇಂದಿಗೂ ಬಹಳ. ಅದು ಅಲ್ಲಿಯೂ −10ರಷ್ಟೇ.

ಈ ಸಂಖ್ಯೆಯ ಅಳತೆಯೂ ನಿಧಾನವಾಗಿ ಸುಧಾರಿಸಿತು. 17ನೆಯ ಶತಮಾನದಲ್ಲಿ ಇಟಲಿಯ ರಿಚೋಲಿ ಬೊಲೋನ್ಯದ ಅಸಿನೆಲ್ಲಿ ಗೋಪುರದಿಂದ ಗುಂಡು ಬಿಟ್ಟು ಲೋಲಕದಿಂದ ಕಾಲ ಎಣಿಸಿದ. ಹಾಲೆಂಡಿನ ಹೈಗೆನ್ಸ್ ಲೋಲಕದಿಂದಲೇ ಅದನ್ನು ನಿಖರಗೊಳಿಸಿದ. ಗಾಳಿಯಿಲ್ಲದೆಡೆ ಎಲ್ಲವೂ ಒಟ್ಟಿಗೆ ಬೀಳುತ್ತವೆ ಎಂಬುದನ್ನು 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ, ಗಿಡುಗದ ಗರಿ ಬಿಟ್ಟು ತೋರಿಸಿದ. 1901ರಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನವೊಂದು ಗುರುತ್ವ ವೇಗೋತ್ಕರ್ಷಕ್ಕೆ 9.80665 ಅನ್ನು ಪ್ರಮಾಣಬೆಲೆಯಾಗಿ ಒಪ್ಪಿತು. ಸಮಭಾಜಕಕ್ಕೆ ಹತ್ತಿರವೂ ಸಮುದ್ರಮಟ್ಟದಿಂದ ಎತ್ತರವೂ ಆದ ಬೆಂಗಳೂರಿನಲ್ಲಿ ಅದು ಸುಮಾರು 9.78.