ಕೊರಿಯರ್ ಸೇವೆಗೆ ಉದ್ದ ವ್ಹೀಲ್‌ಬೇಸ್ ವ್ಯಾನ್: ಕಾರವಾರ ಮತ್ತು ಅಂಕೋಲಾ ಭಾಗದ ಅರ್ಜಿದಾರರಿಗೆ ಮಾಹಿತಿ

ಕೊರಿಯರ್ ಹಾಗೂ ಪಾರ್ಸೆಲ್ ಸಾಗಣೆಗಾಗಿ ವ್ಯಾನ್ ಖರೀದಿಸಿ ಕೆಎ-30 ನೋಂದಣಿ ಪಡೆಯಲಿಚ್ಛಿಸುವ ಸಾರ್ವಜನಿಕರು ಮುಂಗಡ ಹಣ ಪಾವತಿಸುವ ಮುನ್ನ ಈ ಕೆಳಗಿನ ಅಂಶಗಳನ್ನು ಗಮನಿಸುವುದು.

ಮುಂದಿನ ಮತ್ತು ಹಿಂದಿನ ಗಾಲಿಗಳ ಅಚ್ಚುಗಳ ನಡುವಣ ಅಂತರವೇ ವ್ಹೀಲ್‌ಬೇಸ್. ಉದಾಹರಣೆಗೆ ಹೇಳುವುದಾದರೆ, ಮಾರುತಿ ಈಕೋ ವಾಹನದಲ್ಲಿ ಇದು 2,350 ಮಿ.ಮೀ.; ಫೋರ್ಸ್ ಟ್ರಾವೆಲರ್ ಶ್ರೇಣಿಯಲ್ಲಿ 3,350 ಮತ್ತು 4,020 ಮಿ.ಮೀ. ಮಾದರಿಗಳಿವೆ. ಕೊರಿಯರ್ ಸರಕು ಸಾಮಾನ್ಯವಾಗಿ ಹಗುರ, ಆದರೆ ಜಾಗ ಹೆಚ್ಚು ಬೇಡುತ್ತದೆ. ತೂಕದ ಮಿತಿ ತಲುಪುವ ಮೊದಲೇ ವ್ಯಾನ್ ತುಂಬಿಬಿಡುವುದರಿಂದ ಉದ್ದ ವಾಹನದ ಕಡೆ ಮನಸ್ಸು ಹೋಗುವುದು ಸಹಜ.

ಆದರೆ ಉದ್ದದ ಜೊತೆಗೆ ಸಾಮಾನ್ಯವಾಗಿ ಒಟ್ಟು ವಾಹನ ತೂಕವೂ ಏರುತ್ತದೆ. ಮೋಟಾರು ವಾಹನಗಳ ಅಧಿನಿಯಮ, 1988ರ 66ನೇ ಪ್ರಕರಣದಂತೆ, ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ರಹದಾರಿ ಅಗತ್ಯವಿಲ್ಲ. ಆ ಮಿತಿ ದಾಟಿದರೆ ರಹದಾರಿ ಕಡ್ಡಾಯ. ಮಾಜಾಳಿ ದಾಟಿ ಗೋವಾಕ್ಕೆ ಸರಕು ಒಯ್ಯುವವರು ಅಂತರರಾಜ್ಯ ಸಂಚಾರಕ್ಕೆ ಸಿಂಧುವಾದ ರಹದಾರಿಯನ್ನೇ ಪಡೆಯತಕ್ಕದ್ದು. ಇಲ್ಲಿ ಲೆಕ್ಕಕ್ಕೆ ಬರುವುದು ನೋಂದಣಿ ಪತ್ರದಲ್ಲಿ ನಮೂದಾಗುವ ತೂಕವೇ ಹೊರತು ಆ ದಿನ ಹೇರಿದ ಹೊರೆಯಲ್ಲ. ಆದ್ದರಿಂದ ಮಾರಾಟಗಾರರಿಂದ ಈ ಅಂಕಿಯನ್ನು ಲಿಖಿತವಾಗಿ ಪಡೆಯಿರಿ. ಬ್ಯಾಟರಿ ಚಾಲಿತ ಸಾರಿಗೆ ವಾಹನಗಳಿಗೆ 2018ರ ಕೇಂದ್ರ ಅಧಿಸೂಚನೆಯಂತೆ ರಹದಾರಿಯಿಂದ ವಿನಾಯಿತಿ ಇದೆ.

ಮಾರ್ಗವನ್ನೂ ಅಷ್ಟೇ ಗಂಭೀರವಾಗಿ ಪರಿಗಣಿಸಬೇಕು. ಚುಕ್ಕಾಣಿ ಅಷ್ಟೇ ತಿರುಗಿದರೂ ಉದ್ದ ವ್ಹೀಲ್‌ಬೇಸಿನ ವಾಹನಕ್ಕೆ ತಿರುಗಲು ಹೆಚ್ಚಿನ ಜಾಗ ಬೇಕು. ಹಿಂದಿನ ಗಾಲಿ ತಿರುವಿನ ಒಳಮಗ್ಗುಲಿಗೆ ಸರಿಯುತ್ತದೆ. ಕಾರವಾರ–ಅಂಕೋಲಾ ನಡುವಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಇದು ಅರಿವಿಗೇ ಬಾರದು. ಅಂಕೋಲಾದಿಂದ ಹುಬ್ಬಳ್ಳಿಗೆ ಅರಬೈಲ್ ಘಟ್ಟ ಏರುವಾಗ, ಕದ್ರಾ ದಾಟಿ ಅಣಶಿ ಘಟ್ಟದಲ್ಲಿ ಸಾಗುವಾಗ ಚೆನ್ನಾಗಿಯೇ ಅರಿವಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ವಾಹನಗಳು ಘಟ್ಟದ ದಾರಿಗಳನ್ನೇ ಹಿಡಿಯಬೇಕಾಯಿತು. ಕರಾವಳಿಯಲ್ಲಿ ಮಾತ್ರ ಓಡಿಸುತ್ತೇವೆ ಎನ್ನುವವರೂ ಇದನ್ನು ನೆನಪಿಡುವುದು ಒಳಿತು.

ಹಬ್ಬುವಾಡದಂತಹ ಬಡಾವಣೆಗಳ ಒಳರಸ್ತೆಗಳಲ್ಲಿ ಮನೆಮನೆಗೆ ವಿತರಿಸುವವರಿಗೆ ಚಿಕ್ಕ ವ್ಯಾನ್ ಸಾಕು. ಹುಬ್ಬಳ್ಳಿಯಿಂದ ದಿನಕ್ಕೊಮ್ಮೆ ಸಗಟಾಗಿ ಪಾರ್ಸೆಲ್ ತರುವವರಿಗೆ ಉದ್ದ ವ್ಯಾನ್ ಲಾಭದಾಯಕ. ಒಂದೇ ವಾಹನದಿಂದ ಎರಡೂ ಕೆಲಸ ಸಾಧಿಸಹೊರಟವರು ದಿನದ ಬಹುಪಾಲು ಹಿಮ್ಮುಖವಾಗಿ ಚಲಿಸುವುದರಲ್ಲೇ ಕಳೆದಾರು!

ಚಿಕ್ಕ ವಾಹನ ಕೊಂಡು ಆಮೇಲೆ ಹಿಂಭಾಗ ಉದ್ದ ಮಾಡಿಸೋಣ ಎಂಬ ಆಲೋಚನೆ ಬೇಡ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು 52ನೇ ಪ್ರಕರಣ ನಿಷೇಧಿಸುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 93ನೇ ನಿಯಮದಂತೆ, ಹಿಂದಿನ ಅಚ್ಚಿನಿಂದಾಚೆಗಿನ ಚಾಚು ವ್ಹೀಲ್‌ಬೇಸಿನ ಶೇ. 60ನ್ನು ಮೀರುವಂತಿಲ್ಲ. ಎಂದರೆ 3,350 ಮಿ.ಮೀ. ವಾಹನಕ್ಕೆ 2,010 ಮಿ.ಮೀ. ಮಿತಿ. ಚಾಸಿ ಕೊಂಡು ಬಾಡಿ ಕಟ್ಟಿಸುವವರು ಈ ಲೆಕ್ಕವನ್ನು ಮೊದಲೇ ಮಾಡಿಸಿ, ಬಾಡಿ ನಿರ್ಮಾಪಕರಿಂದ ನಮೂನೆ-22ಎ ಪಡೆಯತಕ್ಕದ್ದು.

ಸ್ವಂತ ಬಳಕೆಗೆಂದು ಬಿಳಿ ಫಲಕದಡಿ ನೋಂದಾಯಿಸಿದ ವ್ಯಾನಿನಲ್ಲಿ ಬಾಡಿಗೆಗೆ ಪಾರ್ಸೆಲ್ ಸಾಗಿಸುವಂತಿಲ್ಲ. ಅಪಘಾತವಾದಲ್ಲಿ ವಿಮಾ ಪರಿಹಾರವೂ ಕೈತಪ್ಪಬಹುದು. ವಾಹನ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಚಾಲಕರ ವಿಷಯದಲ್ಲಿ, 7,500 ಕೆ.ಜಿ. ಮೀರದ ಸಾರಿಗೆ ವಾಹನಕ್ಕೆ ಲಘು ಮೋಟಾರು ವಾಹನದ ಅನುಜ್ಞಾ ಪತ್ರವೇ ಸಾಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 6ರಂದು ತೀರ್ಪಿತ್ತಿದೆ.

ನೋಂದಣಿಗೆ ನಮೂನೆ-20ರ ಅರ್ಜಿ, ಮಾರಾಟ ಪತ್ರ (ನಮೂನೆ-21), ರಸ್ತೆ ಯೋಗ್ಯತಾ ಪತ್ರ (ನಮೂನೆ-22), ವಿಮಾ ಪತ್ರ ಮತ್ತು ವಿಳಾಸದ ಪುರಾವೆ ಅಗತ್ಯ. ಅರ್ಹತಾ ಪತ್ರವನ್ನು ಎಂಟು ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ತದನಂತರ ಪ್ರತಿ ವರ್ಷ ನವೀಕರಿಸತಕ್ಕದ್ದು. ಕಡಲ ಗಾಳಿಯ ಉಪ್ಪಿನಂಶಕ್ಕೆ ವಾಹನದ ಅಡಿಭಾಗ ಬೇಗ ತುಕ್ಕು ಹಿಡಿಯುವುದರಿಂದ, ಪ್ರತಿ ಮಳೆಗಾಲದ ನಂತರ ಅದನ್ನು ತೊಳೆಸಿ ಪರೀಕ್ಷಿಸಿಕೊಳ್ಳುವುದು.