ಬಾಸ್ಕೆಟ್‌ಬಾಲ್‌ನಲ್ಲಿ ತೀರ್ಪಿನ ತಪ್ಪುಗಳು: ತಡೆಯುವ ಬಗೆ, ತಿದ್ದುವ ಸಮಯ

ಕೆಲವು ವರ್ಷಗಳ ಹಿಂದೆ ಒಂದು ಶಾಲಾ ಪಂದ್ಯಕೂಟದಲ್ಲಿ ನಮ್ಮ ಬಾಲಕಿಯರ ತಂಡ ಒಂದೇ ಅಂಕದಿಂದ ಸೋತಿತು. ಮರುದಿನ ಅಂಕಪಟ್ಟಿಯ ನಕಲನ್ನು ಪರಿಶೀಲಿಸಿದಾಗ ಒಬ್ಬ ಹುಡುಗಿ ಗಳಿಸಿದ ಎರಡು ಅಂಕಗಳು ದಾಖಲಾಗಿಯೇ ಇರಲಿಲ್ಲ. ಅಷ್ಟರಲ್ಲಿ ಸಹಿಗಳೆಲ್ಲ ಬಿದ್ದಾಗಿತ್ತು. ಅಂಕ ಏರಲಿಲ್ಲವೆಂಬುದನ್ನು ಆ ಹುಡುಗಿ ಆಟದ ನಡುವೆಯೇ ಗಮನಿಸಿದ್ದಳು. ಆದರೆ ಯಾರಿಗೆ, ಯಾವ ಭಾಷೆಯಲ್ಲಿ ಹೇಳಬೇಕೆಂದು ತಿಳಿಯದೆ ಸುಮ್ಮನಾಗಿದ್ದಳು. ಕನ್ನಡ ಮಾಧ್ಯಮದ ಮಕ್ಕಳು ಅನ್ಯಭಾಷೆಯ ತೀರ್ಪುಗಾರರ ಮುಂದೆ ಆಡುವಾಗ ಇಂತಹ ಮೌನ ಅಪರೂಪವಲ್ಲ. ಆದುದರಿಂದ ತಪ್ಪನ್ನು ತಿದ್ದುವ ನಿಯಮಗಳನ್ನು ಮಕ್ಕಳೂ ಹೆತ್ತವರೂ ತಿಳಿದಿರುವುದು ಅಗತ್ಯ.

ತಪ್ಪಿನ ಮೂರು ಬಗೆಗಳು

ನಮ್ಮ ದೇಶದ ಪಂದ್ಯಗಳು ಸಾಮಾನ್ಯವಾಗಿ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಗಳನ್ನು ಅನುಸರಿಸುತ್ತವೆ. ಅವುಗಳ ಪ್ರಕಾರ ತಪ್ಪುಗಳನ್ನು ಮೂರಾಗಿ ವಿಂಗಡಿಸಿಕೊಳ್ಳಬಹುದು.

ಮೊದಲನೆಯದು ನೋಟದ ತಪ್ಪು. ತಾಗಿದ್ದು ಫೌಲೇ ಅಲ್ಲವೇ, ಹೆಜ್ಜೆ ಹೆಚ್ಚಾಯಿತೇ ಇಲ್ಲವೇ ಎಂಬುದು ತೀರ್ಪುಗಾರರ ಕಣ್ಣಿಗೆ ಬಿಟ್ಟ ವಿಷಯ. ಅಮೆರಿಕದ ಎನ್‌ಬಿಎ 2002-03ರ ಋತುವಿನಿಂದ ವಿಡಿಯೊ ಮರುವೀಕ್ಷಣೆಯನ್ನು ಬಳಸುತ್ತಿದೆ. 2019-20ರಿಂದ ತೀರ್ಪನ್ನು ಪ್ರಶ್ನಿಸುವ ಅವಕಾಶವನ್ನು ತರಬೇತುದಾರರಿಗೂ ನೀಡಿದೆ. ಕ್ಯಾಮೆರಾ ಇಲ್ಲದ ಶಾಲಾ ಅಂಗಳದಲ್ಲಿ ಇಂತಹ ತೀರ್ಪನ್ನು ಒಪ್ಪಿ ಮುಂದೆ ಸಾಗುವುದೇ ದಾರಿ.

ಎರಡನೆಯದು ನಿಯಮವನ್ನು ಅನ್ವಯಿಸುವಾಗ ಆಗುವ ತಪ್ಪು. ಮೂರನೆಯದು ಬರವಣಿಗೆ ಹಾಗೂ ಗಡಿಯಾರದ ತಪ್ಪು. ಈ ಎರಡನ್ನೂ ತಿದ್ದಬಹುದು. ಆದರೆ ಎರಡಕ್ಕೂ ಬೇರೆ ಬೇರೆ ಕಾಲಮಿತಿಯಿದೆ.

ಆಟದ ನಡುವೆ ತಿದ್ದಬಹುದಾದವು

ಫಿಬಾ ನಿಯಮಾವಳಿಯ 44ನೆಯ ವಿಧಿ ನಾಲ್ಕು ತಪ್ಪುಗಳನ್ನು ಹೆಸರಿಸುತ್ತದೆ:

1. ಸಲ್ಲದ ಫ್ರೀ ಥ್ರೋ ಕೊಟ್ಟಿರುವುದು.
2. ಸಲ್ಲಬೇಕಾದ ಫ್ರೀ ಥ್ರೋ ಕೊಡದಿರುವುದು.
3. ಅಂಕವನ್ನು ತಪ್ಪಾಗಿ ಕೊಟ್ಟಿರುವುದು ಅಥವಾ ತಪ್ಪಾಗಿ ರದ್ದುಪಡಿಸಿರುವುದು.
4. ಬೇರೊಬ್ಬ ಆಟಗಾರನಿಂದ ಫ್ರೀ ಥ್ರೋ ಎಸೆಯಿಸಿರುವುದು.

ಇವುಗಳ ಕಾಲಮಿತಿ ಬಹಳ ಕಿರಿದು. ತಪ್ಪು ನಡೆದ ಬಳಿಕ ಗಡಿಯಾರ ಓಡಲಾರಂಭಿಸುತ್ತದೆ. ಅನಂತರ ಚೆಂಡು ಮೊದಲ ಬಾರಿಗೆ ಡೆಡ್ ಆಗುತ್ತದೆ. ಆ ಚೆಂಡು ಮತ್ತೆ ಲೈವ್ ಆಗುವ ಮೊದಲು ತಪ್ಪನ್ನು ಗುರುತಿಸಬೇಕು. ಉದಾಹರಣೆಗೆ, ಎರಡು ಫ್ರೀ ಥ್ರೋ ಸಿಗಬೇಕಾದ ತಂಡಕ್ಕೆ ಥ್ರೋ-ಇನ್ ಮಾತ್ರ ಸಿಕ್ಕಿತೆಂದು ಭಾವಿಸೋಣ. ಆಟ ಮುಂದುವರಿದು ಚೆಂಡು ಗೆರೆಯಾಚೆ ಹೋಯಿತು. ಅದನ್ನು ಒಳಗೆಸೆಯುವ ಆಟಗಾರನ ಕೈಗೆ ಕೊಡುವವರೆಗೆ ತಿದ್ದುಪಡಿಗೆ ಅವಕಾಶವಿದೆ. ಕೊಟ್ಟ ಮೇಲೆ ಇಲ್ಲ. ಅದೇ ತಂಡ ಆ ಥ್ರೋ-ಇನ್‌ನಿಂದ ಬುಟ್ಟಿಗೆ ಹಾಕಿ ಅಂಕ ಗಳಿಸಿದರೂ ತಪ್ಪನ್ನು ಪರಿಗಣಿಸುವುದಿಲ್ಲ. ತಪ್ಪು ನಡೆದು ಅದು ಗಮನಕ್ಕೆ ಬರುವವರೆಗಿನ ಅಂಕ, ಫೌಲ್, ಕಳೆದ ಸಮಯ ಎಲ್ಲವೂ ಹಾಗೆಯೇ ಉಳಿಯುತ್ತವೆ.

ಸಹಿಯವರೆಗೂ ತಿದ್ದಬಹುದಾದವು

ಅಂಕ, ಫೌಲ್, ಟೈಮ್-ಔಟ್‌ಗಳ ಲೆಕ್ಕ ಅಥವಾ ಗಡಿಯಾರದ ತಪ್ಪನ್ನು ಮುಖ್ಯ ತೀರ್ಪುಗಾರರು ಅಂಕಪಟ್ಟಿಗೆ ಸಹಿ ಹಾಕುವ ಮೊದಲು ಯಾವಾಗ ಬೇಕಾದರೂ ತಿದ್ದಬಹುದು. ನಮ್ಮ ತಂಡದ ಎರಡು ಅಂಕಗಳೂ ಈ ವರ್ಗಕ್ಕೆ ಸೇರಿದ್ದವು. ಆಟ ಮುಗಿದ ಕೂಡಲೇ ಕೇಳಿದ್ದರೂ ಸಾಕಾಗುತ್ತಿತ್ತು.

ಬರವಣಿಗೆಯ ಒಂದು ತಪ್ಪು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ 2007ರ ಡಿಸೆಂಬರ್ 19ರಂದು ಅಟ್ಲಾಂಟಾದಲ್ಲಿ ನಡೆದ ಎನ್‌ಬಿಎ ಪಂದ್ಯ ಸಾಕ್ಷಿ. ಅಲ್ಲಿ ಆರು ಫೌಲ್‌ಗಳಾದರೆ ಆಟಗಾರ ಹೊರಹೋಗಬೇಕು. ಫಿಬಾ ನಿಯಮದಲ್ಲಿ ಐದಕ್ಕೇ. ಮಯಾಮಿ ಹೀಟ್ ತಂಡದ ಶಕೀಲ್ ಓನೀಲ್ ಮಾಡಿದ್ದು ಐದೇ ಫೌಲ್. ಮೇಜಿನಲ್ಲಿದ್ದವರು ಆರೆಂದು ಬರೆದದ್ದರಿಂದ ಹೆಚ್ಚುವರಿ ಅವಧಿಯ ಕೊನೆಯಲ್ಲಿ ಅವರು ಹೊರನಡೆಯಬೇಕಾಯಿತು. ಆ ಅವಧಿಯ ಕೊನೆಯ 51.9 ಸೆಕೆಂಡುಗಳನ್ನು 2008ರ ಮಾರ್ಚ್ 8ರಂದು ಮತ್ತೆ ಆಡಿಸಲಾಯಿತು. ಅಷ್ಟರಲ್ಲಿ ಓನೀಲ್ ಬೇರೆ ತಂಡಕ್ಕೆ ಸೇರಿದ್ದರು, ಫಲಿತಾಂಶವೂ ಬದಲಾಗಲಿಲ್ಲ. ಮೇಜಿನ ಹೊಣೆ ಹೊತ್ತಿದ್ದ ಅಟ್ಲಾಂಟಾ ಹಾಕ್ಸ್ ತಂಡಕ್ಕೆ 50,000 ಡಾಲರ್ ದಂಡ ಬಿತ್ತು.

1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ ಇನ್ನೊಂದು ಪಾಠ. ಮೂರು ಸೆಕೆಂಡು ಉಳಿದಿರುವಾಗ ಅಮೆರಿಕ 50-49ರಿಂದ ಮುಂದಿತ್ತು. ಟೈಮ್-ಔಟ್ ಹಾಗೂ ಗಡಿಯಾರದ ಗೊಂದಲದಿಂದ ಕೊನೆಯ ಕ್ಷಣಗಳನ್ನು ಮತ್ತೆ ಮತ್ತೆ ಆಡಿಸಲಾಯಿತು. ಮೂರನೆಯ ಬಾರಿ ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಬೆಲೋವ್ ಅಂಕ ಗಳಿಸಿ 51-50ರ ಗೆಲುವು ತಂದರು. ಬ್ರೆಜಿಲ್‌ನ ತೀರ್ಪುಗಾರ ರೆನಾಟೊ ರಿಗೆಟ್ಟೊ ಅಂಕಪಟ್ಟಿಗೆ ಸಹಿ ಹಾಕಲು ಒಪ್ಪಲಿಲ್ಲ. ಅಮೆರಿಕದ ದೂರು 3-2 ಮತಗಳಿಂದ ಬಿದ್ದುಹೋಯಿತು; ಅದರ ಆಟಗಾರರು ಬೆಳ್ಳಿ ಪದಕವನ್ನು ನಿರಾಕರಿಸಿದರು. ತಿದ್ದುವ ಕ್ರಮವೇ ಅಸ್ಪಷ್ಟವಾದರೆ ತಿದ್ದುಪಡಿಯೂ ವಿವಾದವಾಗುತ್ತದೆ.

ತಡೆಯುವ ಬಗೆ

ತಡೆಯುವ ಕೆಲಸ ಆಟಕ್ಕೆ ಮೊದಲೇ ಆರಂಭವಾಗುತ್ತದೆ. ಪಂದ್ಯಕ್ಕೆ ಕನಿಷ್ಠ 10 ನಿಮಿಷ ಮುನ್ನ ತರಬೇತುದಾರರು ಅಂಕಪಟ್ಟಿಯಲ್ಲಿರುವ ಹೆಸರು ಮತ್ತು ಅಂಗಿಯ ಸಂಖ್ಯೆಗಳನ್ನು ನೋಡಿ ಸಹಿ ಹಾಕಬೇಕು. ಈ ಸಹಿಯನ್ನು ಬರಿಯ ಶಾಸ್ತ್ರವೆಂದು ಬಗೆಯಬಾರದು.

ಫೌಲ್ ಆದಾಗ ತೀರ್ಪುಗಾರರು ಆಟಗಾರನ ಸಂಖ್ಯೆಯನ್ನು ಬೆರಳುಗಳಿಂದ ಮೇಜಿಗೆ ತೋರಿಸುತ್ತಾರೆ. ಎರಡಂಕಿಯ ಸಂಖ್ಯೆಯಾದರೆ ಮೊದಲು ಹಿಂಗೈಯಿಂದ ಹತ್ತರ ಸ್ಥಾನ, ಬಳಿಕ ಅಂಗೈಯಿಂದ ಬಿಡಿಸ್ಥಾನ. ಈ ಸಂಜ್ಞೆಗಳಿಗೆ ಭಾಷೆಯ ಹಂಗಿಲ್ಲ. ಮಲಯಾಳ, ತಮಿಳು, ಮರಾಠಿ, ತೆಲುಗು ಬಾರದ ಮಗುವೂ ಅವನ್ನು ಓದಬಲ್ಲುದು. ಅಧ್ಯಾಪಕರು ಚೆಂಡಿನ ಅಭ್ಯಾಸದೊಂದಿಗೆ ಇವನ್ನೂ ಕಲಿಸಬೇಕು.

ಸ್ಕೋರರ್ ತನ್ನ ಲೆಕ್ಕವನ್ನು ಅಂಕಫಲಕದೊಂದಿಗೆ ತಾಳೆ ನೋಡುತ್ತಿರಬೇಕು; ಸಂಶಯ ಬಂದರೆ ಚೆಂಡು ಡೆಡ್ ಆಗಿ ಗಡಿಯಾರ ನಿಂತೊಡನೆ ಮುಖ್ಯ ತೀರ್ಪುಗಾರರಿಗೆ ತಿಳಿಸಬೇಕು. ಒಂದು ಕ್ವಾರ್ಟರ್‌ನಲ್ಲಿ ತಂಡವೊಂದು ನಾಲ್ಕು ಫೌಲ್ ಮುಗಿಸಿದರೆ, ಮುಂದಿನ ಫೌಲ್‌ಗಳಿಗೆ ಎದುರಾಳಿಗೆ ಸಾಮಾನ್ಯವಾಗಿ ಎರಡು ಫ್ರೀ ಥ್ರೋ ಸಿಗುತ್ತವೆ. ಇಲ್ಲಿ ಎಣಿಕೆ ತಪ್ಪಿದರೆ ತೀರ್ಪೂ ತಪ್ಪುತ್ತದೆ.

ನಾವು ಮಾಡಬೇಕಾದುದು

ಆಟದ ನಡುವೆ ತೀರ್ಪುಗಾರರನ್ನು ವಿನಯದಿಂದ ವಿಚಾರಿಸುವ ಅಧಿಕಾರ ತಂಡದ ನಾಯಕನಿಗೆ ಅಥವಾ ನಾಯಕಿಗೆ ಇದೆ. ಚೆಂಡು ಡೆಡ್ ಆಗಿ ಗಡಿಯಾರ ನಿಂತಿರುವಾಗ ಕೇಳಬೇಕು. ಆದುದರಿಂದ ಬೇರೆ ಆಟಗಾರರು ತಪ್ಪನ್ನು ಕಂಡರೆ ಮೊದಲು ನಾಯಕಿಗೆ ಹೇಳಲಿ. ಅಂಕಫಲಕದತ್ತ ಕೈತೋರಿಸಿ, ಅಂಗಿಯ ಸಂಖ್ಯೆಯನ್ನೂ ಅಂಕವನ್ನೂ ಬೆರಳಿನಲ್ಲಿ ತೋರಿಸಿದರೂ ವಿಷಯ ತಲುಪುತ್ತದೆ.

ತಪ್ಪು ಹಾಗೆಯೇ ಉಳಿದರೆ, ಫಿಬಾ ನಿಯಮದಂತೆ ಆಟ ಮುಗಿದ 15 ನಿಮಿಷಗಳೊಳಗೆ ನಾಯಕ ಮುಖ್ಯ ತೀರ್ಪುಗಾರರಿಗೆ ತಿಳಿಸಿ, ಅಂಕಪಟ್ಟಿಯಲ್ಲಿ ಆಕ್ಷೇಪಣೆಗಾಗಿ ಇರುವ ಜಾಗದಲ್ಲಿ ಸಹಿ ಹಾಕಬೇಕು. ಒಂದು ಗಂಟೆಯೊಳಗೆ ಕಾರಣವನ್ನು ಲಿಖಿತವಾಗಿ ಸಲ್ಲಿಸಬೇಕು. ಸ್ಥಳೀಯ ಕೂಟಗಳಲ್ಲಿ ಸಂಘಟಕರ ನಿಯಮ ಬೇರೆಯಿರಬಹುದಾದುದರಿಂದ ಅದನ್ನು ಮುಂಚಿತವಾಗಿ ಕೇಳಿ ತಿಳಿದುಕೊಳ್ಳುವುದು ಒಳಿತು.

ಹೆತ್ತವರು ಅಂಗಳದ ಅಂಚಿನಲ್ಲಿ ನಿಂತು ಕೂಗುವುದರಿಂದ ಯಾವ ಅಂಕವೂ ಮರಳಿ ಬಾರದು. ಅದರ ಬದಲು ಒಬ್ಬರು ಕಾಗದದಲ್ಲಿ ಅಂಕ ಬರೆದುಕೊಳ್ಳುತ್ತ ಪ್ರತಿ ವಿರಾಮದಲ್ಲಿ ಅದನ್ನು ಫಲಕದೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ತರಬೇತುದಾರರಿಗೆ ತಿಳಿಸಲಿ. ಈಗ ನಮ್ಮ ತಂಡದ ಹುಡುಗಿಯರು ಪಂದ್ಯಕ್ಕೆ ಹೋಗುವಾಗ ಒಂದು ನೋಟ್‌ಬುಕ್ಕನ್ನೂ ಪೆನ್ನನ್ನೂ ಒಯ್ಯುತ್ತಾರೆ.