ಹಳೇ ಗ್ರೈಂಡರ್‌ನಲ್ಲಿ ಉಳಿಸಬಾರದ ಭಾಗ

ಗುಜರಿ ಅಂಗಡಿಯಲ್ಲಿ ಬಿದ್ದಿರೋ ಹಳೇ ಬೆಂಚ್ ಗ್ರೈಂಡರ್ ತಂದು, ಮನೆಯಲ್ಲೇ ಬಿಚ್ಚಿ ರಿಪೇರಿ ಮಾಡೋ ಹುಚ್ಚು ಕೆಲವರಿಗಿದೆ. ಒಳ್ಳೇ ಹುಚ್ಚೇ. ಬೀಡುಕಬ್ಬಿಣದ ಮೈ ಅಷ್ಟು ಸುಲಭಕ್ಕೆ ಹಾಳಾಗಲ್ಲ. ತುಕ್ಕು ಉಜ್ಜಿ, ಬೇರಿಂಗ್ ಬದಲಿಸಿ, ಅರ್ಥಿಂಗ್ ಸಮೇತ ಹೊಸ ವೈರು ಹಾಕಿದರೆ ಇನ್ನೊಂದು ತಲೆಮಾರು ಓಡುತ್ತೆ. ಆದರೆ ಎಲ್ಲಾ ಒರಿಜಿನಲ್ ಇರಲಿ ಅಂತ ಹಳೇ ಕಲ್ಲನ್ನು ಹಾಗೇ ಬಿಟ್ಟು, ಕೈಗೆ ಅಡ್ಡ ಅಂತ ಗಾರ್ಡ್ ಬಿಚ್ಚಿ ಎಸೆಯೋರೂ ಇದ್ದಾರೆ. ಇದು ಪೂರ್ತಿ ತಿರುವುಮುರುವು. ಯಾಕೆ ಅನ್ನೋದಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಕಥೆ ಕೇಳಬೇಕು.

ಹತ್ತೊಂಬತ್ತನೇ ಶತಮಾನದಲ್ಲಿ ಚಾಕು, ಕತ್ತರಿ, ಫೋರ್ಕುಗಳಿಗೆ ಶೆಫೀಲ್ಡ್ ಹೆಸರುವಾಸಿ. ಅವಕ್ಕೆ ಸಾಣೆ ಹಿಡಿಯುವವರು ಮರದ ಆಸನದ ಮೇಲೆ ಕುದುರೆ ಏರಿದಂತೆ ಕೂತು, ತಿರುಗುವ ಕಲ್ಲಿನ ಮೇಲೆ ಬಾಗಿ ದುಡಿಯುತ್ತಿದ್ದರು. ಕಲ್ಲು ಅಂದರೆ ನೆಲದಿಂದ ತೆಗೆದ ಮರಳುಕಲ್ಲು. ಒಳಗೆ ಬಿರುಕಿದ್ದು ವೇಗದಲ್ಲಿ ಸಿಡಿದರೆ ಕೂತವನ ಜೀವಕ್ಕೇ ಸಂಚಕಾರ. ಸಿಡಿಯದಿದ್ದರೂ ದೂಳು ಬಿಡುತ್ತಿರಲಿಲ್ಲ. ನೀರಿಲ್ಲದೆ ಒಣಗಲ್ಲಿನಲ್ಲಿ ಫೋರ್ಕು ಸಾಣೆ ಹಿಡಿಯುವವರು ಸರಾಸರಿ 35 ವರ್ಷ ಬದುಕುವುದೂ ಕಷ್ಟ, ನೀರು ಹಾಕಿ ಹಿಡಿಯುವವರು 45 ದಾಟುವುದು ಅಪರೂಪ ಎಂದು ಫ್ರೆಡರಿಕ್ ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಬರೆದ. ಮರಳುಕಲ್ಲಿನ ದೂಳಿನಲ್ಲಿರೋ ಸಿಲಿಕಾ ಶ್ವಾಸಕೋಶವನ್ನೇ ಗಟ್ಟಿ ಮಾಡುತ್ತೆ. ಆ ರೋಗವನ್ನು ಇಂದು ಸಿಲಿಕೋಸಿಸ್ ಅಂತೀವಿ.

ಬದಲಾವಣೆ ಬಂದಿದ್ದು ಅಮೆರಿಕದಿಂದ. 1873ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ, ನಾರ್ಟನ್ ಎಂಬ ಕುಂಬಾರನ ಕಾರ್ಖಾನೆಯಲ್ಲಿ ಸ್ವೆನ್ ಪಲ್ಸನ್ ಎಂಬ ಕೆಲಸಗಾರ ಕುರುಂದದ ಪುಡಿಯನ್ನು ಜೇಡಿಮಣ್ಣಿನ ಜೊತೆ ಕಲಸಿ, ಮಡಕೆಯಂತೆ ಸುಟ್ಟು ಚಕ್ರ ಮಾಡಿದ. 1891ರಲ್ಲಿ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೋಗಿ, ಮಣ್ಣು ಮತ್ತು ಕೋಕ್ ಬೆರೆಸಿ ವಿದ್ಯುತ್ತಿನಿಂದ ಕಾಯಿಸಿದ. ಸಿಕ್ಕಿದ್ದು ವಜ್ರವಲ್ಲ, ಸಿಲಿಕಾನ್ ಕಾರ್ಬೈಡ್. ಅದಕ್ಕೆ ಕಾರ್ಬೊರಂಡಮ್ ಅಂತ ಹೆಸರಿಟ್ಟ. ಇಂಥ ಚಕ್ರಗಳು ಬಂದ ಮೇಲೆ ಮರಳುಕಲ್ಲು ಮೂಲೆಗೆ ಸರಿಯಿತು. ಮಾಸ್ಕು ಮಾತ್ರ ಈಗಲೂ ಬೇಕೇ ಬೇಕು, ಲೋಹದ ದೂಳು ಎಲ್ಲೂ ಹೋಗಿಲ್ಲವಲ್ಲ.

ಸಿಡಿಯುವ ಗುಣವೂ ಹೋಗಲಿಲ್ಲ. ಸುಟ್ಟ ಚಕ್ರ ಮಡಕೆಯ ಜಾತಿಯೇ. ಒಮ್ಮೆ ಕೈಜಾರಿ ಬಿದ್ದರೆ ಸಾಕು, ಕಣ್ಣಿಗೆ ಕಾಣದ ಬಿರುಕು. ಆರಿಂಚಿನ ಚಕ್ರ ನಿಮಿಷಕ್ಕೆ 2,850 ಸುತ್ತು ತಿರುಗಿದರೆ ಅಂಚಿನ ವೇಗ ಗಂಟೆಗೆ ಸುಮಾರು 80 ಕಿ.ಮೀ. ತುಂಡು ಸಿಡಿಯುವುದೂ ಅದೇ ವೇಗದಲ್ಲಿ.

ಹಾಗಾಗಿ ಹಿಂದೆ ಯಾರು ಹೇಗೆ ಇಟ್ಟಿದ್ದರೋ ಗೊತ್ತಿಲ್ಲದ ಕಲ್ಲನ್ನು ತೆಗೆದು ಹೊಸದು ಹಾಕಿ. ಅದರ ಮೇಲೆ ಬರೆದಿರೋ ಗರಿಷ್ಠ ವೇಗ ಮೋಟಾರಿನದಕ್ಕಿಂತ ಕಡಿಮೆ ಇರಬಾರದು. ಸಂತೆಯಲ್ಲಿ ಮಡಕೆ ತಟ್ಟಿ ನೋಡ್ತೀವಲ್ಲ, ಹಾಗೇ ಹೊಸ ಚಕ್ರವನ್ನೂ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಣ್ ಅಂದರೆ ಸರಿ, ದಬ್ ಅಂದರೆ ಬೇಡ. ಎಡಗಡೆಯ ನಟ್ಟಿಗೆ ಉಲ್ಟಾ ಮರೆ ಇರುತ್ತೆ, ಓಡುವಾಗ ತಾನೇ ಸಡಿಲ ಆಗದಿರಲಿ ಅಂತ. ಕಲ್ಲಿನ ಎರಡೂ ಬದಿಗೆ ಕಾಗದದ ವಾಷರ್ ಇರಲಿ. ಟೂಲ್ ರೆಸ್ಟು ಮತ್ತು ಕಲ್ಲಿನ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಬೇಡ.

ಗಾರ್ಡಿಗೆ ಮಾತ್ರ ಬೇಕಿದ್ದರೆ ಹಳೇ ಬಣ್ಣವನ್ನೇ ಹುಡುಕಿ ಹಚ್ಚಿ. ಇಡೀ ಯಂತ್ರದಲ್ಲಿ ಜತನ ಮಾಡಬೇಕಾದ ಪಳೆಯುಳಿಕೆ ಅಂದರೆ ಅದೇ. ಶೆಫೀಲ್ಡಿನಲ್ಲಿ ಕಲ್ಲಿನ ಮುಂದೆ ಕೂತವನಿಗೆ ಅಂಥದ್ದೊಂದು ಇರಲಿಲ್ಲ. ಸ್ವಿಚ್ ಹಾಕಿದ ಮೇಲೆ ಮೊದಲ ಒಂದು ನಿಮಿಷ ಪಕ್ಕಕ್ಕೆ ಸರಿದು ನಿಂತುಕೊಳ್ಳಿ.